ತುತ್ತು ಇಳಿಯದ ಸಂಕಟ: ಮನದ ಭಾರವೋ, ದೇಹದ ಬೇನೆಯೋ?

ನಮ್ಮ ಕನ್ನಡ ನುಡಿಯಲ್ಲಿ ಮನಸ್ಸಿಗೂ ಗಂಟಲಿಗೂ ಬಹು ಹಳೆಯ ನಂಟು. ದುಃಖ ಬಂದವನಿಗೆ ಗಂಟಲು ಕಟ್ಟುತ್ತದೆ. ಅವಮಾನ ಹೊಂದಿದವನು ಅದನ್ನು ನುಂಗಿಕೊಳ್ಳುತ್ತಾನೆ. ಸಿಟ್ಟು ಬಂದರೂ ಸೊಸೆಯಾದವಳು ಸಿಟ್ಟನ್ನು ನುಂಗಬೇಕೆಂದು ಮನೆಯವರು ಬುದ್ಧಿ ಹೇಳುತ್ತಾರೆ. ಹೇಳಲಾಗದ, ಬಿಡಲೂ ಆಗದ ಸಂಗತಿಯನ್ನು ಹಿರಿಯರು ಗಂಟಲಲ್ಲಿ ಸಿಕ್ಕಿದ ಬಿಸಿತುಪ್ಪಕ್ಕೆ ಹೋಲಿಸಿದರು. ಚಿಂತೆ ಹತ್ತಿದ ಮನೆಯಲ್ಲಿ ಅನ್ನ ಇಳಿಯುವುದಿಲ್ಲ ಎಂಬ ಮಾತಂತೂ ನಿತ್ಯ ಕೇಳಿಬರುವಂಥದು. ಈ ನುಡಿಗಟ್ಟುಗಳಲ್ಲಿ ಅನುಭವದ ಸತ್ಯವಿದೆ. ಆದರೆ ಈ ಸತ್ಯವನ್ನೇ ಹಿಡಿದು ಗಂಟಲಿನ ಪ್ರತಿಯೊಂದು ತೊಂದರೆಗೂ ಚಿಂತೆಯೇ ಕಾರಣವೆಂದು ತೀರ್ಮಾನಿಸಿದರೆ ಅನಾಹುತವಾಗುವುದೂ ಉಂಟು. ಅದನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ನಮಗೆ ಬಹುದಿನಗಳಿಂದ ಅನಿಸುತ್ತಿತ್ತು.

ಹುಬ್ಬಳ್ಳಿಯಿಂದ ಗದಗಿನ ಕಡೆಗೆ ಹೋಗುವ ಹಾದಿಯಲ್ಲಿ ಶಿರಗುಪ್ಪಿ ಇದೆ. ಕರಿಮಣ್ಣಿನ ಸೀಮೆ. ಹತ್ತಿ, ಜೋಳ, ಕಡಲೆ, ಹೆಸರು, ಮೆಣಸಿನಕಾಯಿ ಇಲ್ಲಿನ ಬೆಳೆಗಳು. ಮಳೆಯನ್ನೇ ನೆಚ್ಚಿದ ಒಕ್ಕಲುತನವಾದುದರಿಂದ ಚಿಂತೆಯೆಂಬುದು ಇಲ್ಲಿನ ಮನೆಗಳಿಗೆ ಹೊಸ ಅತಿಥಿಯಲ್ಲ. ಒಂದು ವರುಷ ಬಿತ್ತಿದ್ದು ಹುಟ್ಟದು, ಇನ್ನೊಂದು ವರುಷ ಬೆಳೆದದ್ದು ಮಳೆಯಲ್ಲಿ ನೆನೆದು ಹೋಗುವುದು. ಬೆಳೆಸಾಲ, ಮಕ್ಕಳ ಶಿಕ್ಷಣ, ಮಗಳ ಮದುವೆ, ಹಿರಿಯರ ಔಷಧದ ಖರ್ಚು ಇವೆಲ್ಲ ಒಂದರ ಬೆನ್ನಿಗೆ ಒಂದು ಬರುತ್ತವೆ. ಶ್ರಾವಣದ ಪ್ರವಚನ ಮುಗಿದ ಮೇಲೆ ಇಂಥ ಊರುಗಳ ಭಕ್ತರು ಬಂದು ಕುಳಿತು ತಮ್ಮ ಸುಖದುಃಖ ಹೇಳಿಕೊಳ್ಳುವುದು ವಾಡಿಕೆ. ಆಗ ಪದೇ ಪದೇ ಕಿವಿಗೆ ಬೀಳುವ ಮಾತುಗಳು ಮೂರು. "ಅಜ್ಜಾರ, ಗಂಟಲದಾಗ ಏನೋ ಗಂಟು ಕುಂತಂಗ ಆಗೇತ್ರಿ" ಎಂದು ನಡುವಯಸ್ಸಿನ ಗಂಡಸರು ಹೇಳುತ್ತಾರೆ. ಅವರ ಕಣ್ಣಲ್ಲಿ ಕ್ಯಾನ್ಸರಿನ ಭಯವಿರುತ್ತದೆ. "ರೊಟ್ಟಿ ಇಳೀವಲ್ದ್ರಿ, ನೀರು ಕುಡದು ನೂಕಬೇಕ್ರಿ" ಎಂದು ತಾಯಂದಿರು ಹೇಳುತ್ತಾರೆ. ಬೆನ್ನಿಗೇ ಮನೆಯವರು "ಆಕಿಗೆ ಬರೇ ಚಿಂತಿರಿ" ಎಂದು ಸೇರಿಸುತ್ತಾರೆ. "ನಮ್ಮಪ್ಪ ನೀರು ಕುಡದ್ರ ಕೆಮ್ಮತಾನ್ರಿ, ವಯಸ್ಸಾತಲ್ರಿ" ಎಂದು ಮಕ್ಕಳು ಹೇಳುತ್ತಾರೆ.

ಮೇಲುನೋಟಕ್ಕೆ ಈ ಮೂರೂ ಒಂದೇ ಬಗೆಯ ದೂರು. ವೈದ್ಯಶಾಸ್ತ್ರದ ದೃಷ್ಟಿಯಿಂದ ಇವು ಮೂರು ಬೇರೆ ಬೇರೆ ಸಂಗತಿಗಳು. ಭಯಪಟ್ಟವನಿಗೆ ಹಲವು ವೇಳೆ ದೊಡ್ಡ ರೋಗವೇನೂ ಇರುವುದಿಲ್ಲ. ಚಿಂತೆಯೆಂದು ತಳ್ಳಿಹಾಕಲ್ಪಟ್ಟ ತಾಯಿಗೆ ನಿಜವಾದ ರೋಗವಿರಬಹುದು. ವಯಸ್ಸಿನ ಸಹಜಧರ್ಮವೆಂದು ಬಿಟ್ಟುಬಿಟ್ಟ ಆ ಕೆಮ್ಮು ಹಿರಿಯರ ಪ್ರಾಣಕ್ಕೇ ಕುತ್ತಾಗಬಹುದು. ಆದಕಾರಣ ಇವನ್ನು ಬಿಡಿಸಿ ನೋಡುವುದು ಅಗತ್ಯ.

ತುತ್ತು ಸಾಗುವ ದಾರಿ

ನುಂಗುವುದು ನಮಗೆ ಬಹು ಸುಲಭವಾಗಿ ಕಾಣುವ ಕೆಲಸ. ಹುಟ್ಟಿದ ಕೂಸೂ ಅದನ್ನು ಕಲಿತೇ ಬಂದಿರುತ್ತದೆ. ದಿನಕ್ಕೆ ನೂರಾರು ಬಾರಿ, ನಿದ್ರೆಯಲ್ಲಿಯೂ ಕೂಡ, ನಾವು ಉಗುಳು ನುಂಗುತ್ತಲೇ ಇರುತ್ತೇವೆ. ಆದರೆ ಈ ಒಂದು ಕೆಲಸಕ್ಕೆ 25ಕ್ಕೂ ಹೆಚ್ಚು ಜೊತೆ ಸ್ನಾಯುಗಳೂ ಮಿದುಳಿನಿಂದ ಹೊರಡುವ ಐದು ಜೊತೆ ನರಗಳೂ ಒಟ್ಟಾಗಿ ದುಡಿಯಬೇಕಾಗುತ್ತದೆ.

ಮೊದಲ ಹಂತ ಬಾಯಿಯದು. ಹಲ್ಲು ಅಗಿಯುತ್ತದೆ, ಉಗುಳು ಹದಗೊಳಿಸುತ್ತದೆ, ನಾಲಗೆ ಅದನ್ನು ಮುದ್ದೆ ಮಾಡಿ ಹಿಂದಕ್ಕೆ ತಳ್ಳುತ್ತದೆ. ಇದು ನಮ್ಮ ಇಚ್ಛೆಗೆ ಒಳಪಟ್ಟದ್ದು. ಎರಡನೆಯ ಹಂತ ಗಂಟಲಿನದು. ಗಂಟಲಲ್ಲಿ ಉಸಿರಿನ ದಾರಿಯೂ ಅನ್ನದ ದಾರಿಯೂ ಕೂಡುವ ಒಂದು ಚೌಕವಿದೆ. ತುತ್ತು ಆ ಚೌಕಕ್ಕೆ ಬಂದಾಗ ಉಸಿರು ಕ್ಷಣಕಾಲ ನಿಲ್ಲುತ್ತದೆ, ಧ್ವನಿಪೆಟ್ಟಿಗೆ ಮೇಲಕ್ಕೇರುತ್ತದೆ, ಸ್ವರತಂತುಗಳು ಮುಚ್ಚಿಕೊಳ್ಳುತ್ತವೆ, ಕಿರುನಾಲಗೆಯ ಕೆಳಗಿನ ಎಲೆಯಾಕಾರದ ಮುಚ್ಚಳ ಶ್ವಾಸನಾಳದ ಬಾಯಿಗೆ ಬಾಗುತ್ತದೆ. ಇದೆಲ್ಲ ಸುಮಾರು ಒಂದು ಸೆಕೆಂಡಿನಲ್ಲಿ ಮುಗಿಯುತ್ತದೆ. ಮೂರನೆಯದು ಅನ್ನನಾಳದ ಹಂತ. ಸುಮಾರು 25 ಸೆಂಟಿಮೀಟರು ಉದ್ದದ ಈ ನಾಳ ತುತ್ತನ್ನು ಹಿಂಡುತ್ತ ಜಠರಕ್ಕೆ ಇಳಿಸುತ್ತದೆ.

ತುತ್ತು ತಪ್ಪಿ ಉಸಿರಿನ ದಾರಿಗೆ ಹೊರಳಿದರೆ ಕೆಮ್ಮು ಬಂದು ಅದನ್ನು ಹೊರಗಟ್ಟುತ್ತದೆ. ಇದನ್ನೇ ನಾವು ನೆತ್ತಿಗೆ ಹತ್ತಿತು ಎನ್ನುತ್ತೇವೆ. ಯಾರೋ ನೆನೆಸಿದರು ಎಂದು ನೆತ್ತಿ ತಟ್ಟಿ ನಗುತ್ತೇವೆ. ಆರೋಗ್ಯವಂತನಿಗೆ ಎಂದೋ ಒಮ್ಮೆ ಹೀಗಾದರೆ ನಗುವುದರಲ್ಲಿ ತಪ್ಪಿಲ್ಲ. ದಿನವೂ ಊಟದ ಹೊತ್ತಿಗೆ ಹೀಗಾಗುವವರನ್ನು ಕಂಡು ನಕ್ಕು ಸುಮ್ಮನಾಗುವುದು ತರವಲ್ಲ.

ಗಂಟಲಲ್ಲಿ ಕುಳಿತ ಗಂಟು

ಈಗ ಮೊದಲನೆಯ ದೂರಿಗೆ ಬರೋಣ. ಮನಸ್ಸಿಗೆ ಉದ್ವೇಗವಾದಾಗ ದೇಹ ಹೊಡೆದಾಟಕ್ಕೋ ಓಟಕ್ಕೋ ಸಿದ್ಧವಾಗುತ್ತದೆ. ಎದೆ ಬಡಿತ ಏರುತ್ತದೆ, ಬಾಯಿ ಒಣಗುತ್ತದೆ, ಕುತ್ತಿಗೆ ಮತ್ತು ಗಂಟಲಿನ ಸ್ನಾಯುಗಳು ಬಿಗಿಯುತ್ತವೆ. ಹುಲಿಯನ್ನು ಕಂಡು ಓಡಿದವನಿಗೆ ಓಟ ಮುಗಿದಾಗ ಈ ಬಿಗಿಯೂ ಸಡಿಲುತ್ತದೆ. ಬ್ಯಾಂಕಿನ ನೋಟೀಸು ಬಂದವನಿಗೆ ಓಡುವ ಜಾಗವಿಲ್ಲ. ಅವನ ಬಿಗಿ ದಿನಗಟ್ಟಲೆ, ತಿಂಗಳುಗಟ್ಟಲೆ ಉಳಿಯುತ್ತದೆ. ಆಗ ಗಂಟಲಲ್ಲಿ ಏನೋ ಗಂಟು ಕುಳಿತಂತೆ, ಯಾರೋ ಹಿಡಿದಂತೆ ಅನಿಸತೊಡಗುತ್ತದೆ. ವೈದ್ಯರು ಇದನ್ನು 'ಗ್ಲೋಬಸ್' ಎಂದು ಕರೆಯುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ ಚೆಂಡು ಎಂದರ್ಥ. ಹಿಂದೆ ಪಾಶ್ಚಾತ್ಯ ವೈದ್ಯರು ಇದನ್ನು ಕೇವಲ ಹೆಂಗಸರ ಹುಚ್ಚಾಟವೆಂಬಂತೆ ಕಂಡಿದ್ದರು. ಇಂದು ಆ ಭಾವನೆ ಹೋಗಿದೆ. ಗಂಡಸರಿಗೂ ಇದು ಬರುತ್ತದೆ. ಉದ್ವೇಗದ ಜೊತೆಗೆ ಹೊಟ್ಟೆಯ ಆಮ್ಲ ಮೇಲಕ್ಕೆ ಬರುವುದೂ ಇದಕ್ಕೆ ಕಾರಣವಾಗಬಲ್ಲದು.

ಈ ಗಂಟನ್ನು ಗುರುತಿಸುವ ಕುರುಹು ಹೀಗಿದೆ. ಊಟವಿಲ್ಲದ ಹೊತ್ತಿನಲ್ಲಿ ಅದು ಹೆಚ್ಚು ಕಾಡುತ್ತದೆ. ಬರೀ ಉಗುಳು ನುಂಗುವಾಗ ತೊಡಕೆನಿಸುತ್ತದೆ. ಊಟಕ್ಕೆ ಕುಳಿತರೆ ರೊಟ್ಟಿಯೂ ಅನ್ನವೂ ಸರಾಗವಾಗಿ ಇಳಿಯುತ್ತವೆ, ಗಂಟು ಕಡಿಮೆಯಾದಂತೆಯೂ ಅನಿಸುತ್ತದೆ. ನೋವಿಲ್ಲ, ತೂಕ ಇಳಿಯುವುದಿಲ್ಲ, ತುತ್ತು ಸಿಕ್ಕಿಕೊಳ್ಳುವುದಿಲ್ಲ. ಇಂಥವರು ಕಿವಿ-ಮೂಗು-ಗಂಟಲು ತಜ್ಞರಲ್ಲಿ ಒಮ್ಮೆ ತೋರಿಸಿ, ಒಳಗೆ ಏನೂ ಇಲ್ಲವೆಂದು ಅವರು ಹೇಳಿದ ಮೇಲೆ ಆ ಮಾತನ್ನು ನಂಬಬೇಕು. ವೈದ್ಯರಿಂದ ವೈದ್ಯರಿಗೆ ಅಲೆಯಬಾರದು. ಪದೇ ಪದೇ ಕ್ಯಾಕರಿಸುವುದು, ಗಂಟು ಇದೆಯೋ ಹೋಯಿತೋ ಎಂದು ಬರಿದೇ ಉಗುಳು ನುಂಗಿ ಪರೀಕ್ಷಿಸುವುದು ಗಂಟಲನ್ನು ಮತ್ತಷ್ಟು ಕೆರಳಿಸುತ್ತವೆ. ಹಾಗೆನಿಸಿದಾಗಲೆಲ್ಲ ಒಂದು ಗುಟುಕು ನೀರು ಕುಡಿಯುವುದು ಮೇಲು. ರಾತ್ರಿಯ ಊಟಕ್ಕೂ ಹಾಸಿಗೆಗೂ ಮೂರು ತಾಸಿನ ಅಂತರವಿರಲಿ. ಸಂಜೆಯ ಮಿರ್ಚಿ ಭಜಿ, ಮೇಲಿಂದ ಮೇಲೆ ಚಹಾ ಇವನ್ನು ಮಿತಗೊಳಿಸಿದರೆ ಆಮ್ಲದ ಉಪಟಳವೂ ತಗ್ಗುತ್ತದೆ.

ಅಲಕ್ಷಿಸಬಾರದ ಕುರುಹುಗಳು

ಎರಡನೆಯ ದೂರು ಹೆಚ್ಚು ಗಂಭೀರವಾದುದು. ತಿಂದದ್ದು ನಿಜವಾಗಿಯೂ ಸಿಕ್ಕಿಕೊಳ್ಳುತ್ತಿದ್ದರೆ ಅದನ್ನು ಚಿಂತೆಯ ಲೆಕ್ಕಕ್ಕೆ ಬರೆಯಬಾರದು. ಮೊದಲು ಕಡಕ್ ರೊಟ್ಟಿ ಇಳಿಯದು. ಕೆಲವು ವಾರಗಳ ಮೇಲೆ ಮೆತ್ತನೆಯ ಅನ್ನವೂ ಇಳಿಯದು. ಆಮೇಲೆ ಗಂಜಿಯೂ ಕಷ್ಟವಾಗುವುದು. ಹೀಗೆ ಗಟ್ಟಿಯಿಂದ ತೆಳುವಿನತ್ತ ತೊಂದರೆ ಮುಂದುವರಿಯುತ್ತಿದ್ದರೆ ಅನ್ನನಾಳ ಎಲ್ಲಿಯೋ ಕಿರಿದಾಗುತ್ತಿದೆಯೆಂದು ತಿಳಿಯಬೇಕು. ಆಮ್ಲದಿಂದಾದ ಗಾಯ ಮಾಯುವಾಗ ಕಲೆಗಟ್ಟಿ ನಾಳ ಕಿರಿದಾಗಿರಬಹುದು, ಅಥವಾ ಅನ್ನನಾಳದ ಕ್ಯಾನ್ಸರ್ ಇರಬಹುದು. ಮೊದಲಿನಿಂದಲೇ ಅನ್ನ ಮತ್ತು ನೀರು ಎರಡೂ ಸಿಕ್ಕಿಕೊಳ್ಳುತ್ತಿದ್ದರೆ ನಾಳದ ಚಲನೆಯಲ್ಲಿ ದೋಷವಿರುವ ಸಂಭವ ಹೆಚ್ಚು. ಇವನ್ನೆಲ್ಲ ಎಂಡೋಸ್ಕೋಪಿ ಹಾಗೂ ಬೇರಿಯಂ ಕುಡಿಸಿ ತೆಗೆಯುವ ಎಕ್ಸ್‌-ರೇಗಳಿಂದ ಕಂಡುಹಿಡಿಯಬಹುದು. ನುಂಗುವಾಗ ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ವಾಂತಿಯಲ್ಲಿ ರಕ್ತ, ಕಪ್ಪುಮಲ, ಮೂರು ವಾರ ಕಳೆದರೂ ಹೋಗದ ಗೊಗ್ಗರು ದನಿ, ಕುತ್ತಿಗೆಯಲ್ಲಿ ಕೈಗೆ ಸಿಗುವ ಗಂಟು ಇವುಗಳಲ್ಲಿ ಒಂದಿದ್ದರೂ ತಡಮಾಡಬಾರದು.

ತಾಯಂದಿರ ವಿಷಯದಲ್ಲಿ ಇನ್ನೊಂದು ಮಾತುಂಟು. ರಕ್ತದಲ್ಲಿ ಕಬ್ಬಿಣದ ಅಂಶ ಬಹುಕಾಲ ಕಡಿಮೆಯಾಗಿದ್ದರೆ ಕೆಲವರ ಅನ್ನನಾಳದ ಮೇಲ್ತುದಿಯಲ್ಲಿ ಜೇಡರ ಬಲೆಯಂಥ ತೆಳು ಪೊರೆ ಬೆಳೆಯುತ್ತದೆ. ಇದಕ್ಕೆ ವೈದ್ಯರು ಪ್ಲಮರ್-ವಿನ್ಸನ್ ಲಕ್ಷಣವೆಂದು ಹೆಸರಿಟ್ಟಿದ್ದಾರೆ. ನಡುವಯಸ್ಸಿನ ಹೆಂಗಸರಲ್ಲಿಯೇ ಇದು ಹೆಚ್ಚು. ಬಿಳುಚಿದ ಮುಖ, ದಣಿವು, ನುಣುಪಾದ ಉರಿನಾಲಗೆ, ಬಾಯಿಯ ಅಂಚಿನಲ್ಲಿ ಬಿರುಕು, ಚಮಚದಂತೆ ಗುಳಿಬಿದ್ದ ಉಗುರು ಇದರ ಜೊತೆಗಾರರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಜನ ರಕ್ತಹೀನತೆಯುಳ್ಳವರು. ಇವರೆಲ್ಲರಿಗೂ ಗಂಟಲಿನ ಪೊರೆ ಬೆಳೆಯುತ್ತದೆಂದಲ್ಲ, ಅದು ವಿರಳವೇ. ಆದರೆ ಮನೆಮಂದಿಗೆಲ್ಲ ಉಣಬಡಿಸಿ ಕಡೆಯಲ್ಲಿ ಉಳಿದದ್ದನ್ನು ಉಣ್ಣುವ ತಾಯಿಗೆ ರೊಟ್ಟಿ ಇಳಿಯುತ್ತಿಲ್ಲವೆಂದರೆ, ಮನಸ್ಸು ಗಟ್ಟಿ ಮಾಡಿಕೋ ಎಂದು ಉಪದೇಶಿಸುವ ಮೊದಲು ಆಕೆಯ ರಕ್ತಪರೀಕ್ಷೆ ಮಾಡಿಸುವುದು ಮನೆಯವರ ಧರ್ಮ. ಕಬ್ಬಿಣದ ಗುಳಿಗೆಯಿಂದ ಬಹುಮಟ್ಟಿಗೆ ಗುಣವಾಗುವ ತೊಂದರೆಯಿದು. ಅಗತ್ಯವಿದ್ದರೆ ಪೊರೆಯನ್ನು ಹಿಗ್ಗಿಸುವ ಸಣ್ಣ ಚಿಕಿತ್ಸೆಯೂ ಉಂಟು. ಅಲಕ್ಷಿಸಿದರೆ ಮುಂದೆ ಆ ಭಾಗದಲ್ಲಿ ಕ್ಯಾನ್ಸರ್ ಹುಟ್ಟುವ ಅಪಾಯವಿದೆ.

ಗುಟಖಾ ಮತ್ತು ಅಡಿಕೆಯ ಚಟವನ್ನು ಇಲ್ಲಿ ಹೇಳದೆ ವಿಧಿಯಿಲ್ಲ. ಸರಕಾರ 2013ರಲ್ಲಿಯೇ ಗುಟಖಾ ನಿಷೇಧಿಸಿತು. ಆದರೆ ಪಾನ್ ಮಸಾಲೆ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದು ಚೀಟಿಯಲ್ಲಿ ಕೊಂಡು ಅಂಗೈಯಲ್ಲಿ ಕೂಡಿಸಿಕೊಳ್ಳುವ ಜಾಣತನ ಬೆಳೆಯಿತು. ಅಡಿಕೆಯ ರಸ ಕೆನ್ನೆಯ ಒಳಪದರವನ್ನು ನಾರುಗಟ್ಟಿಸುತ್ತದೆ. ಮೊದಲು ಖಾರ ತಾಗಿದರೆ ಉರಿ, ಬಳಿಕ ಬಾಯಿ ತೆರೆಯುವುದು ಕಷ್ಟ, ಬಳಿಕ ನುಂಗುವುದೂ ಕಷ್ಟ. ಮೂರು ಬೆರಳು ನೆಟ್ಟಗೆ ಬಾಯಲ್ಲಿ ಹೋಗದಿದ್ದರೆ ದಂತವೈದ್ಯರಿಗೆ ತೋರಿಸಬೇಕು. ಇದು ಕ್ಯಾನ್ಸರಿನ ಹೊಸ್ತಿಲು. ಕುದಿಯುವ ಚಹಾದ ವಿಷಯವೂ ಹಾಗೆಯೇ. 65 ಡಿಗ್ರಿಗಿಂತ ಬಿಸಿಯಾದ ಪಾನೀಯವನ್ನು ನಿತ್ಯ ಕುಡಿಯುವುದು ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಹೇಳಿತು. ಬಸಿಯಲ್ಲಿ ಸುರುವಿ ಆರಿಸಿ ಕುಡಿಯುತ್ತಿದ್ದ ನಮ್ಮ ಹಿರಿಯರ ಪದ್ಧತಿ ಒಳ್ಳೆಯದೇ ಇತ್ತು.

ಪಾರ್ಶ್ವವಾಯುವಿನ ಮನೆಯಲ್ಲಿ

ಮೂರನೆಯ ದೂರೇ ಈ ಲೇಖನಕ್ಕೆ ಮುಖ್ಯ ಪ್ರೇರಣೆ. ಪಾರ್ಶ್ವವಾಯು ಹೊಡೆದಾಗ ಕೈಕಾಲು ಬಿದ್ದುದು ಕಣ್ಣಿಗೆ ಕಾಣುತ್ತದೆ, ಮಾತು ತೊದಲಿದ್ದು ಕಿವಿಗೆ ಕೇಳುತ್ತದೆ. ನುಂಗುವ ಶಕ್ತಿ ಕುಂದಿದ್ದು ಯಾರಿಗೂ ತಿಳಿಯದು. ಕಂಪವಾತ, ಮರೆಗುಳಿತನಗಳಲ್ಲಿಯೂ ಹೀಗೆಯೇ. ನುಂಗಿದ ನೀರು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಪಾರ್ಶ್ವವಾಯು ಆದವರನ್ನು ಎಷ್ಟೋ ವೇಳೆ ಆ ಬೇನೆಗಿಂತ ಈ ನ್ಯುಮೋನಿಯಾವೇ ಕೊಂಡೊಯ್ಯುತ್ತದೆ. ಕೆಲವರಿಗೆ ಕೆಮ್ಮುವ ಸ್ಪರ್ಶಜ್ಞಾನವೂ ಹೋಗಿರುವುದರಿಂದ ನೀರು ಸದ್ದಿಲ್ಲದೆ ಒಳಗಿಳಿಯುತ್ತದೆ. ಊಟವಾದ ಮೇಲೆ ದನಿ ನೀರು ತುಂಬಿದಂತೆ ಗೊರಗೊರ ಎನ್ನುವುದು, ಮೂಗಿನಿಂದ ನೀರು ಬರುವುದು, ಕೆನ್ನೆಯ ಸಂದಿಯಲ್ಲಿ ಅನ್ನ ಉಳಿಯುವುದು, ಮೇಲಿಂದ ಮೇಲೆ ಜ್ವರ ಮತ್ತು ಕಫ ಬರುವುದು ಇದರ ಕುರುಹುಗಳು.

ನಮ್ಮ ಮನೆಗಳಲ್ಲಿ ಯಾರಾದರೂ ಕುಸಿದು ಬಿದ್ದರೆ ಮೊದಲು ನಡೆಯುವ ಕೆಲಸವೇ ಬಾಯಿಗೆ ನೀರು ಹಾಕುವುದು. ಆಮೇಲೆ ಪಾದೋದಕ ತಂದು ಹನಿಸುವುದು. ಪ್ರೀತಿಯಿಂದ, ಭಕ್ತಿಯಿಂದ ಮಾಡುವ ಕೆಲಸವೇ ಇದು. ಆದರೆ ಆ ಹೊತ್ತಿಗೆ ಗಂಟಲಿನ ಬಾಗಿಲು ಮುಚ್ಚುವ ಶಕ್ತಿ ಇದೆಯೋ ಇಲ್ಲವೋ ನಮಗೆ ತಿಳಿಯದು. ಮುಖ ಸೊಟ್ಟಗಾಗಿ, ಒಂದು ಕೈ ಸೋತು, ಮಾತು ತೊದಲಿದವರ ಬಾಯಿಗೆ ನೀರನ್ನಾಗಲಿ, ಹಾಲನ್ನಾಗಲಿ, ಗುಳಿಗೆಯನ್ನಾಗಲಿ ಹಾಕಲೇಬಾರದು. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಬೇಕು. ತೊಂದರೆ ಆರಂಭವಾದ ವೇಳೆಯನ್ನು ನೆನಪಿಡಬೇಕು. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ತಾಸಿನೊಳಗೆ ಕೊಡಬೇಕಾಗುತ್ತದೆ. ನುಂಗುವ ಶಕ್ತಿಯನ್ನು ಆಸ್ಪತ್ರೆಯಲ್ಲಿ ಪರೀಕ್ಷಿಸಿದ ಮೇಲೆಯೇ ಬಾಯಿಗೆ ಆಹಾರ.

ಹಾಗಾದರೆ ಪಾದೋದಕ ಬೇಡವೆನ್ನುವಿರಾ ಎಂದು ಸದ್ಭಕ್ತರು ಕೇಳಬಹುದು. ಪಾದೋದಕ, ಪ್ರಸಾದಗಳು ಅಷ್ಟಾವರಣಗಳಲ್ಲಿ ಸೇರಿದವು. ಅವುಗಳ ಮಹತ್ವವನ್ನು ಮಠದ ಅನ್ನ ಉಂಡು ಓದಿದ ನಾವು ಅಲ್ಲಗಳೆಯಲಾರೆವು. ಆದರೆ ಪಾದೋದಕದ ಬೆಲೆ ಅದರ ಅಳತೆಯಲ್ಲಿಲ್ಲ. ಹಣೆಗೆ ಮುಟ್ಟಿಸಿ, ಒದ್ದೆ ಅರಿವೆಯಿಂದ ತುಟಿ ಒರೆಸಿದರೆ ಭಕ್ತಿಗೆ ಕೊರತೆಯಾಗುವುದಿಲ್ಲ, ಶ್ವಾಸಕೋಶಕ್ಕೆ ನೀರೂ ಇಳಿಯುವುದಿಲ್ಲ. ಶರಣರು ಕಾಯವನ್ನು ಕೀಳೆಂದು ಕಂಡವರಲ್ಲ. ಕಾಯ ಉಳಿಸುವ ಜಾಗ್ರತೆಯೂ ಪೂಜೆಯ ಭಾಗವೇ ಸರಿ.

ಮೂಗಿನಿಂದ ನಳಿಕೆ ಹಾಕಿ ಆಹಾರ ಕೊಡಬೇಕೆಂದು ವೈದ್ಯರು ಹೇಳಿದರೆ ಕೆಲವರು ಅದನ್ನು ಕೊನೆಗಾಲದ ಗುರುತೆಂದು ಬಗೆದು ಹಿಂಜರಿಯುತ್ತಾರೆ. ಅದು ಸರಿಯಲ್ಲ. ಪಾರ್ಶ್ವವಾಯು ಆದವರಲ್ಲಿ ಬಹುಮಂದಿಗೆ ಕೆಲವು ವಾರಗಳಲ್ಲಿ ನುಂಗುವ ಶಕ್ತಿ ಮರಳುತ್ತದೆ. ಅಲ್ಲಿಯತನಕ ನಳಿಕೆ ಒಂದು ತಾತ್ಕಾಲಿಕ ಸೇತುವೆ.

ಉಣಿಸುವ ಕ್ರಮ

ನುಂಗಲು ಕಷ್ಟಪಡುವವರಿಗೆ ಉಣಿಸುವುದು ಒಂದು ವಿದ್ಯೆ. ಮಲಗಿಸಿ ಎಂದೂ ಉಣಿಸಬಾರದು. ನೆಟ್ಟಗೆ ಕುಳ್ಳಿರಿಸಿ, ಬೆನ್ನಿಗೆ ಲೋಡು ಕೊಟ್ಟು, ಗದ್ದವನ್ನು ಮೇಲೆತ್ತದಂತೆ ನೋಡಿಕೊಳ್ಳಬೇಕು. ಉಣಿಸುವವರು ಎದುರಿಗೆ, ಅವರ ಎತ್ತರಕ್ಕೇ ಕುಳಿತುಕೊಳ್ಳಬೇಕು. ನಿಂತು ಉಣಿಸಿದರೆ ಅವರು ತಲೆ ಎತ್ತಬೇಕಾಗುತ್ತದೆ, ಆಗ ಉಸಿರಿನ ದಾರಿ ತೆರೆದುಕೊಳ್ಳುತ್ತದೆ. ಚಹಾದ ಚಮಚದಷ್ಟು ಸಣ್ಣ ತುತ್ತು ಕೊಡಬೇಕು. ಒಂದು ನುಂಗಿದ್ದು ಖಾತ್ರಿಯಾದ ಮೇಲೆಯೇ ಇನ್ನೊಂದು. ಆ ಹೊತ್ತಿಗೆ ದೂರದರ್ಶನ ಬೇಡ, ಮಾತುಕತೆ ಬೇಡ. ಊಟವಾದ ಮೇಲೆ ಅರ್ಧ ತಾಸು ಕುಳಿತೇ ಇರಬೇಕು. ದಿನಕ್ಕೆರಡು ಬಾರಿ ಬಾಯಿ, ಹಲ್ಲು, ನಾಲಗೆ ಸ್ವಚ್ಛಗೊಳಿಸಬೇಕು. ಬಾಯಿಯ ಹೊಲಸು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾಕ್ಕೆ ಅದೇ ಬೀಜ.

ನಮ್ಮ ಕಡೆಯ ಅಡಿಗೆಯಲ್ಲಿ ಯಾವುದು ಸಲ್ಲದು, ಯಾವುದು ಸಲ್ಲುವುದು? ಚುರುಮುರಿ, ಒಣ ಅವಲಕ್ಕಿ, ಪುಟಾಣಿ, ಇಡಿ ಶೇಂಗಾ, ಕಡಕ್ ರೊಟ್ಟಿ, ಒಣ ಚಟ್ನಿಪುಡಿ ಇವು ಪುಡಿಯಾಗಿ ಚೆದುರುವುದರಿಂದ ಉಸಿರಿನ ದಾರಿಗೆ ನುಗ್ಗುತ್ತವೆ. ತೆಳು ಸಾರಿನಲ್ಲಿ ತೇಲುವ ಅನ್ನದ ಅಗುಳೂ ಕಷ್ಟವೇ. ನೀರು ಮುಂದೆ ಓಡುತ್ತದೆ, ಅಗುಳು ಹಿಂದೆ ಉಳಿಯುತ್ತದೆ. ಒಗ್ಗರಣೆಯ ಸಾಸಿವೆ, ಕರಿಬೇವು, ಮೆಣಸಿನಕಾಯಿಯ ಚೂರು ತೆಗೆಯಬೇಕು. ಚೆನ್ನಾಗಿ ಬೇಯಿಸಿ ಮಸೆದ ಜೋಳದ ನುಚ್ಚು, ಹೆಸರುಬೇಳೆಯ ಕಿಚಡಿ, ಕಿವುಚಿದ ಮೊಸರನ್ನ, ಗಂಟಿಲ್ಲದ ಸಜ್ಜಕ, ಮಾಗಿದ ಪಪ್ಪಾಯಿಯ ತಿರುಳು ಇವು ಒಂದೇ ಹದದಲ್ಲಿರುವುದರಿಂದ ಸಲ್ಲುತ್ತವೆ. ರೊಟ್ಟಿಯ ಆಸೆ ಬಿಡದ ಹಿರಿಯರಿಗೆ ಬಿಸಿರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಪೂರ್ತಿ ಕಿವುಚಿ ಕೊಡಬಹುದು. ಅನೇಕರಿಗೆ ಗಟ್ಟಿ ಆಹಾರಕ್ಕಿಂತ ತೆಳುನೀರೇ ಹೆಚ್ಚು ಅಪಾಯ. ಅಂಥವರಿಗೆ ಗಂಜಿ, ಅಂಬಲಿ, ದಪ್ಪ ಮಜ್ಜಿಗೆಯಂಥ ಹದ ಬೇಕಾಗುತ್ತದೆ. ಎಷ್ಟು ದಪ್ಪ, ಗದ್ದ ಬಾಗಿಸಬೇಕೋ ಬೇಡವೋ, ತಲೆ ಯಾವ ಕಡೆ ಹೊರಳಿಸಬೇಕು ಎಂಬುದು ಒಬ್ಬೊಬ್ಬರಿಗೆ ಒಂದೊಂದು ಬಗೆ. ಅದನ್ನು ವಾಕ್-ಶ್ರವಣ ತಜ್ಞರಿಂದ ಕೇಳಿ ತಿಳಿಯಬೇಕು. ಮಾತು ಕಲಿಸುವವರಿಗೂ ನುಂಗುವುದಕ್ಕೂ ಏನು ಸಂಬಂಧವೆಂದು ಆಶ್ಚರ್ಯ ಬೇಡ. ಎರಡಕ್ಕೂ ಸ್ನಾಯುಗಳು ಅವೇ.

ಗುಳಿಗೆಯ ವಿಷಯದಲ್ಲಿಯೂ ಜಾಗ್ರತೆ ಬೇಕು. ಆರೋಗ್ಯವಂತರು ಕೂಡ ಗುಳಿಗೆಯನ್ನು ಒಂದು ಲೋಟ ನೀರಿನೊಡನೆ ಕುಳಿತು ನುಂಗಬೇಕು, ಕೂಡಲೇ ಮಲಗಬಾರದು. ಕೆಲವು ಗುಳಿಗೆಗಳು ಅನ್ನನಾಳದಲ್ಲಿ ಸಿಕ್ಕಿ ಹುಣ್ಣು ಮಾಡುತ್ತವೆ. ನುಂಗಲಾಗದವರಿಗೆ ಎಲ್ಲ ಗುಳಿಗೆಗಳನ್ನೂ ಅರೆದು ಕೊಡುವುದೂ ಸರಿಯಲ್ಲ. ವೈದ್ಯರನ್ನು ಕೇಳಿದರೆ ದ್ರವ ಔಷಧ ಬರೆದುಕೊಟ್ಟಾರು.

ಉಸಿರು ಕಟ್ಟಿದಾಗ

2002ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ದೂರದರ್ಶನದಲ್ಲಿ ಚೆಂಡಾಟ ನೋಡುತ್ತ ಪ್ರೆಟ್ಜೆಲ್ ಎಂಬ ಗಟ್ಟಿ ತಿಂಡಿ ತಿನ್ನುವಾಗ ಅದು ಗಂಟಲಲ್ಲಿ ಸಿಕ್ಕಿ ಮೂರ್ಛೆ ಹೋಗಿ ಬಿದ್ದರು. ತುತ್ತು ದೊಡ್ಡವರು ಸಣ್ಣವರೆಂದು ನೋಡುವುದಿಲ್ಲ. ಸಿಕ್ಕಿಕೊಂಡವರು ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ನೀರು ಕುಡಿಸುವುದು, ಬಾಳೆಹಣ್ಣು ನುಂಗಿಸುವುದು, ಕುರುಡಾಗಿ ಬೆರಳು ಹಾಕುವುದು ಬೇಡ. ದನಿ ಹೊರಡದೆ, ಉಸಿರಾಡಲಾಗದೆ, ಕೊರಳು ಹಿಡಿದುಕೊಂಡರೆ ಮುಂದಕ್ಕೆ ಬಾಗಿಸಿ ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಬಲವಾಗಿ ಗುದ್ದಬೇಕು. ಹೊರಬಾರದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿನ ಮೇಲೆ ಎದೆಗೂಡಿನ ಕೆಳಗೆ ಮುಷ್ಟಿಯಿಟ್ಟು ಒಳಕ್ಕೆ ಮತ್ತು ಮೇಲಕ್ಕೆ ಐದು ಸಲ ಒತ್ತಬೇಕು. ಅಮೆರಿಕದ ವೈದ್ಯ ಹೆನ್ರಿ ಹೈಮ್ಲಿಕ್ 1974ರಲ್ಲಿ ಲೋಕಕ್ಕೆ ತಿಳಿಸಿದ ಉಪಾಯವಿದು. ಗರ್ಭಿಣಿಯರಿಗೆ ಹೊಟ್ಟೆಯ ಬದಲು ಎದೆಯ ನಡುವೆ ಒತ್ತಬೇಕು. ವರ್ಷದೊಳಗಿನ ಕೂಸನ್ನು ಮುಂಗೈಯ ಮೇಲೆ ಬೋರಲಾಗಿ, ತಲೆ ಕೆಳಗಿರುವಂತೆ ಹಿಡಿದು ಬೆನ್ನಿಗೆ ತಟ್ಟಬೇಕು, ಬಳಿಕ ಅಂಗಾತ ಮಾಡಿ ಎರಡು ಬೆರಳಿನಿಂದ ಎದೆಯ ನಡುವೆ ಒತ್ತಬೇಕು, ಹೊಟ್ಟೆ ಒತ್ತಬಾರದು. ಪ್ರಜ್ಞೆ ತಪ್ಪಿದರೆ 108ಕ್ಕೆ ಕರೆ ಮಾಡಿ ಎದೆ ಒತ್ತಲು ತೊಡಗಬೇಕು.

ದಿನದಿನದ ಉದ್ವೇಗ

ಇನ್ನು ಮನದ ಭಾರದ ಮಾತು. ಗಂಟಲಿನ ಗಂಟಿಗೆ ಮಾತ್ರವಲ್ಲ, ರೋಗಿಯ ಸೇವೆಯಲ್ಲಿ ಬಳಲಿದ ಮನೆಯವರಿಗೂ ಇದು ಬೇಕು. ಒಂದು ಊಟಕ್ಕೆ ಒಂದು ತಾಸು ಹಿಡಿಯುವ ಮಾವನವರಿಗೆ ದಿನಕ್ಕೆ ಮೂರು ಬಾರಿ ಉಣಿಸುವ ಸೊಸೆ ತಾನು ಉಣ್ಣುವುದು ಯಾವಾಗ? ಆಕೆಯ ಗಂಟಲೂ ಕಟ್ಟುವುದು ಸಹಜ. ಮನೆಯ ಗಂಡಸರು ದಿನಕ್ಕೆ ಒಂದು ಹೊತ್ತಾದರೂ ಆ ಚಮಚ ಕೈಗೆ ತೆಗೆದುಕೊಳ್ಳಲಿ. ಹೆತ್ತ ತಂದೆಗೆ ಉಣಿಸುವುದು ಮಗನಿಗೆ ಹೀನಾಯವಲ್ಲ, ದಾಸೋಹವೆಂಬುದು ಮನೆಯಿಂದಲೇ ಮೊದಲಾಗಬೇಕಾದುದು.

ಉದ್ವೇಗ ಇಳಿಸಲು ಸುಲಭದ ಸಾಧನ ಉಸಿರು. ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರೆಳೆದು, ಆರು ಎಣಿಸುವಷ್ಟು ಹೊತ್ತು ನಿಧಾನವಾಗಿ ಬಿಡಬೇಕು. ನಿಮಿಷಕ್ಕೆ ಆರು ಉಸಿರಿನಂತೆ ಐದು ನಿಮಿಷ ಮಾಡಿದರೆ ಎದೆಬಡಿತ ತಗ್ಗಿ, ಭುಜ-ಕೊರಳುಗಳ ಬಿಗಿ ಸಡಿಲುತ್ತದೆ. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ದೃಷ್ಟಿ ನಿಲ್ಲಿಸಿ ಕುಳಿತವರಿಗೆ ಈ ಉಸಿರಿನ ನಿಧಾನ ತಾನಾಗಿ ಒದಗುತ್ತದೆ. ಆದರೆ ಬಸ್ಸಿಗೆ ತಡವಾಯಿತೆಂದು ಮೂರು ನಿಮಿಷದಲ್ಲಿ ಪೂಜೆ ಮುಗಿಸುವವರಿಗೆ ಆ ಫಲ ಸಿಗದು. ದಿನಕ್ಕೆ ಅರ್ಧ ತಾಸು ನಡಿಗೆ, ರಾತ್ರಿ ಏಳೆಂಟು ತಾಸಿನ ನಿದ್ರೆ, ಮಲಗುವ ಮೊದಲು ಮೊಬೈಲನ್ನು ದೂರವಿಡುವುದು ಇವೂ ಔಷಧಗಳೇ. ಚಿಂತೆಗಳನ್ನು ಒಂದು ಹಾಳೆಯಲ್ಲಿ ಬರೆದು, ಇಂದು ಮಾಡಬಹುದಾದದ್ದು ಯಾವುದು, ನಮ್ಮ ಕೈಯಲ್ಲಿಲ್ಲದ್ದು ಯಾವುದು ಎಂದು ಬೇರ್ಪಡಿಸಿದರೆ ಮನಸ್ಸು ಹಗುರಾಗುತ್ತದೆ. ಮಳೆ ನಮ್ಮ ಕೈಯಲ್ಲಿಲ್ಲ. ಸಾಲದ ಬಗ್ಗೆ ಬ್ಯಾಂಕಿನವರೊಡನೆ ಮಾತನಾಡುವುದು, ಬೆಳೆವಿಮೆಯ ಕಂತು ತುಂಬುವುದು ನಮ್ಮ ಕೈಯಲ್ಲಿದೆ. ಊಟದ ಹೊತ್ತಿಗೆ ಸಾಲದ ಮಾತು, ಜಗಳದ ಮಾತು ತೆಗೆಯಬಾರದೆಂಬ ನಿಯಮವನ್ನು ಪ್ರತಿ ಮನೆಯಲ್ಲಿಯೂ ಮಾಡಿಕೊಳ್ಳಬೇಕು. ಪ್ರಸಾದವೆಂದು ಬಗೆದು ಉಣ್ಣುವವರು ಅವಸರದಿಂದ, ಸಿಟ್ಟಿನಿಂದ ಉಣ್ಣಲಾರರು.

ಎರಡು ವಾರ ಕಳೆದರೂ ನಿದ್ರೆ ಬಾರದೆ, ಊಟ ರುಚಿಸದೆ, ಬದುಕೇ ಬೇಡವೆನಿಸಿದರೆ ಅದು ಬರಿಯ ಚಿಂತೆಯಲ್ಲ, ಚಿಕಿತ್ಸೆ ಬೇಡುವ ಕಾಯಿಲೆ. 2022ರ ಅಕ್ಟೋಬರ್ 10ರಂದು ಆರಂಭವಾದ ಸರಕಾರದ 'ಟೆಲಿ ಮಾನಸ್' ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಧಾರವಾಡದ ಮಾನಸಿಕ ಆಸ್ಪತ್ರೆ ಇಂದು ಡಿಮ್ಹಾನ್ಸ್ ಎಂಬ ಹೆಸರಿನ ಸಂಸ್ಥೆಯಾಗಿದೆ. ಅಲ್ಲಿಗೆ ಹೋದವರೆಲ್ಲ ಹುಚ್ಚರೆಂಬ ಹಳೆಯ ಕಲ್ಪನೆಯನ್ನು ಬಿಡಬೇಕು.

ಗಂಟಲಿನ ತೊಂದರೆಗೆ ಶಿರಗುಪ್ಪಿ ಸೀಮೆಯವರು ದೂರ ಹೋಗಬೇಕಿಲ್ಲ. 1957ರಲ್ಲಿ ಆರಂಭವಾದ ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಜನರ ಬಾಯಲ್ಲಿ ಇಂದಿಗೂ ಕಿಮ್ಸ್ ಎನಿಸಿಕೊಂಡಿರುವುದು, ಹತ್ತಿರವೇ ಇದೆ. ಕ್ಯಾನ್ಸರಿನ ಸಂಶಯವಿದ್ದವರಿಗೆ ನವನಗರದ ಆಸ್ಪತ್ರೆಯಿದೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನುಂಗುವ ತೊಂದರೆಗಳಿಗೂ ತರಬೇತಿ ಹಾಗೂ ಚಿಕಿತ್ಸೆ ದೊರೆಯುತ್ತದೆ.

ಬಂಧುಗಳೇ, ಕೆಮ್ಮು ಬರುವುದೆಂಬ ನಾಚಿಕೆಯಿಂದ ಪಂಕ್ತಿಗೆ ಬಾರದೆ ಕೋಣೆಯ ಮೂಲೆಯಲ್ಲಿ ಒಬ್ಬರೇ ಉಣ್ಣುವ ಹಿರಿಯರು ಎಷ್ಟೋ ಮನೆಗಳಲ್ಲಿದ್ದಾರೆ. ಒಬ್ಬರೇ ಉಣ್ಣುವಾಗ ಸಿಕ್ಕಿಕೊಂಡರೆ ನೋಡುವವರಿರುವುದಿಲ್ಲ ಎಂಬುದೊಂದು ಅಪಾಯ. ದಿನದಿನಕ್ಕೆ ಕಡಿಮೆ ಉಂಡು ಸೊರಗುವರೆಂಬುದು ಇನ್ನೊಂದು. ಅವರ ತಾಟನ್ನು ನಿಮ್ಮ ತಾಟಿನ ಪಕ್ಕಕ್ಕೆ ತನ್ನಿರಿ. ಈ ತಿಂಗಳು ನಿಮ್ಮ ಮನೆಯಲ್ಲಿ ಯಾರು ನಿಧಾನವಾಗಿ ಉಣ್ಣುತ್ತಾರೆ, ಯಾರು ರೊಟ್ಟಿ ಬಿಟ್ಟು ಬರಿಯ ಅನ್ನಕ್ಕೆ ಇಳಿದಿದ್ದಾರೆ, ಯಾರು ನೀರು ಕುಡಿದಾಗ ಕೆಮ್ಮುತ್ತಾರೆ ಎಂಬುದನ್ನು ಒಂದು ವಾರ ಲಕ್ಷ್ಯವಿಟ್ಟು ನೋಡಿರಿ. ಸಂಶಯ ಬಂದರೆ ಮರುದಿನವೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಎಲ್ಲರ ಮನೆಯ ಪ್ರಸಾದವೂ ಸುಖವಾಗಿ ಇಳಿಯಲೆಂದು ಹಾರೈಸುತ್ತೇವೆ.